ನೂರಾ ಹತ್ತರ ಯಂತ್ರ, ಇನ್ನೂರ ಮೂವತ್ತರ ಗೋಡೆ

ಹಳೆಯ ಸಾಮಾನು ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಮುಖ ನೋಡಬೇಡಿ, ಬೆನ್ನು ನೋಡಿ. ಫ್ರಿಜ್ ಇರಲಿ, ವಾಷಿಂಗ್ ಮಷೀನ್ ಇರಲಿ, ಮುಂದಿನ ಬಾಗಿಲನ್ನು ಯಾರು ಬೇಕಾದರೂ ಒರೆಸಿ ಹೊಳೆಯುವಂತೆ ಮಾಡಬಹುದು. ಬೆನ್ನಿಗೆ ಹೊಡೆದ ತಗಡು ಮಾತ್ರ ಸುಳ್ಳು ಹೇಳುವುದಿಲ್ಲ. ಎಷ್ಟು ವೋಲ್ಟು, ಎಷ್ಟು ವ್ಯಾಟು, ಯಾವ ದೇಶದ್ದು, ಎಲ್ಲವೂ ಅಲ್ಲಿರುತ್ತದೆ. ಪುಣೆಯ ಕೊಂಢವಾದಲ್ಲಿ ನನ್ನ ಸೆಕೆಂಡ್‌ಹ್ಯಾಂಡ್ ಅಂಗಡಿ ನಿಂತಿರುವುದೇ ಈ ನಂಬಿಕೆಯ ಮೇಲೆ. ಗಂಡಸರೇ ತುಂಬಿದ ಆ ಸಾಲಿನಲ್ಲಿ ಒಂದು ಹಳೆಯ ಕೂಲರಿನಿಂದ ಶುರುಮಾಡಿ ಇಲ್ಲಿಯವರೆಗೆ ಬಂದವಳು ನಾನು. ತಗಡು ಓದದೆ ಯಾವುದಕ್ಕೂ ಪ್ಲಗ್ ಹಾಕಿದವಳಲ್ಲ. ಆದರೆ ಕಳೆದ ವರ್ಷ ತಗಡು ಓದಿಯೇ ಕೆಟ್ಟೆ.

ಆ ಯಂತ್ರ ನನ್ನ ಅಂಗಡಿಯದಲ್ಲ, ಅಕ್ಕನ ಮನೆಯದು. ಸ್ವಾರಗೇಟ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಫ್ಲ್ಯಾಟು. ಹಾಲ್‌ನ ಮೂಲೆಯಲ್ಲಿ, ಬಾಲ್ಕನಿಯ ಬಾಗಿಲ ಪಕ್ಕದಲ್ಲಿ, ನವಿಲಿನ ಚಿತ್ರದ ಹಳೆಯ ಚಾದರ ಹೊದ್ದುಕೊಂಡು ಅದು ನಿಂತಿತ್ತು. ಮೂರು ಚಕ್ರಗಳ ಸ್ಲಾಟ್ ಮಷೀನು. ಬಲಬದಿಗೆ ಉದ್ದನೆಯ ಹಿಡಿಕೆ, ಅದರ ತುದಿಗೆ ಕರಿಯ ಗುಂಡು. ಬಿಲ್ಲೆ ಹಾಕಿ ಹಿಡಿಕೆ ಎಳೆದರೆ ಚಕ್ರಗಳು ಗರ್ರನೆ ತಿರುಗಿ ಒಂದೊಂದಾಗಿ ನಿಲ್ಲುತ್ತವೆ. ಹಣ್ಣಿಗೆ ಹಣ್ಣು, ಗಂಟೆಗೆ ಗಂಟೆ ಕೂಡಿದರೆ ಕೆಳಗಿನ ತಟ್ಟೆಗೆ ಹಿತ್ತಾಳೆಯ ಬಿಲ್ಲೆಗಳು ಸುರಿಯುತ್ತವೆ. ಅಕ್ಕ ಅದಕ್ಕೆ ಇಟ್ಟ ಹೆಸರು ಜೂಜಿನ ಪೆಟ್ಟಿಗಿ. ಊರಿನಿಂದ ಬಂದ ನೆಂಟರು "ಇದೇನಬೇ?" ಎಂದರೆ "ಹೊಲಿಗಿ ಮಷೀನ" ಎನ್ನುತ್ತಿದ್ದಳು.

ಭಾವ, ಅಂದರೆ ಅಕ್ಕನ ಗಂಡ, ಪ್ರವಾಸಿಗಳ ದೊಡ್ಡ ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾವು ಅವರಿಗೆ ಮಾಮಾ ಎನ್ನುತ್ತೇವೆ. ಹಡಗಿನ ಆಟದ ಹಾಲ್‌ನ ಯಂತ್ರಗಳೆಲ್ಲ ಅವರ ಸುಪರ್ದಿಗಿದ್ದವು. ಹಡಗಿನವರು ಹಳೆಯ ಯಂತ್ರಗಳನ್ನು ತೆಗೆದು ಹೊಸದು ಹಾಕಿದಾಗ, ಎಸೆಯಲಿದ್ದ ಒಂದನ್ನು ಮನೆಸಾಮಾನಿನ ಜೊತೆ ಪುಣೆಗೆ ತಂದಿಟ್ಟರು. ಆದರೆ ಹಡಗಿನ ಕರೆಂಟು ನೂರಾ ಹತ್ತು ವೋಲ್ಟು, ನಮ್ಮ ಗೋಡೆಯದು ಇನ್ನೂರ ಮೂವತ್ತು. ಹಾಗೇ ಗೋಡೆಗೆ ಸಿಕ್ಕಿಸಿದರೆ ಹೊಗೆ ಬರುತ್ತದೆ, ಅಷ್ಟೇ. "ನಿವೃತ್ತಿ ಆದಮ್ಯಾಲ ಸಾವಕಾಶ ಮಾಡ್ತೀನಿ" ಎನ್ನುತ್ತಿದ್ದರು. ನಿವೃತ್ತಿಯಾಯಿತು, ಮನೆಗೆ ಬಂದರು. ಕೆಲವು ತಿಂಗಳಲ್ಲೇ ಒಂದು ಬೆಳಿಗ್ಗೆ ದಾಡಿಗೆ ಸೋಪು ಹಚ್ಚಿಕೊಳ್ಳುತ್ತಿದ್ದವರು ಬಚ್ಚಲಿನಲ್ಲೇ ಕುಸಿದರು. ಲಕ್ವಾ. ಬಲಗಡೆಯ ಕೈಕಾಲು ಬಿದ್ದವು, ಮಾತು ಹೋಯಿತು.

ಮಾತು ಪೂರ್ತಿ ಹೋಗಲಿಲ್ಲ ಅನ್ನಿ. ಒಂದು ಶಬ್ದ ಉಳಿಯಿತು: "ಆತು."

ನಮ್ಮ ಕಡೆಯವರಿಗೆ ಈ ಶಬ್ದದ ಬಗ್ಗೆ ಹೇಳಬೇಕಾಗಿಲ್ಲ. ಒಪ್ಪಿಗೆಗೂ ಆತು, ಮುಗಿದುದಕ್ಕೂ ಆತು, ಸಾಕು ಎನ್ನುವುದಕ್ಕೂ ಆತು. ವ್ಯಾಪಾರದಲ್ಲಿ ಗಿರಾಕಿ "ಆತು ತಗೋರಿ" ಎಂದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ, "ಆತು ಬಿಡ್ರಿ" ಎಂದರೆ ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ ಎಂದರ್ಥ. ಮಾಮಾ ಅದೊಂದರಿಂದಲೇ ಸಂಸಾರ ನಡೆಸಬೇಕಾಯಿತು. ಚಹಾ ಬೇಕೇನ್ರಿ? ಆತು. ಸಾಕೇನ್ರಿ? ಆತು. ಫ್ಯಾನ್ ಹಚ್ಚಲೋ ಬಿಡಲೋ? ಆತು. ಅಕ್ಕ ಅವರ ಕಣ್ಣು ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಅರ್ಥವಾಗದಿದ್ದಾಗ ಇಬ್ಬರೂ ಸಿಟ್ಟಾಗುತ್ತಿದ್ದರು.

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದವಳು ಮೈಸೂರಿನ ಕಡೆಯ ಹುಡುಗಿ, ಫಿಸಿಯೋಥೆರಪಿಸ್ಟ್. ಕಾಲು ಸುಧಾರಿಸುತ್ತಿತ್ತು. ಕೈಯದೇ ಚಿಂತೆ. ಅವರ ಬಲಗೈ ಮುಟ್ಟಿದರೆ ಫ್ರಿಜ್‌ನಿಂದ ತೆಗೆದ ಹಾಲಿನ ಪಾಕೀಟಿನಂತೆ ತಣ್ಣಗೆ, ಮೆತ್ತಗೆ ಇರುತ್ತಿತ್ತು. ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ ಎಡಗೈಯಿಂದ ತೆಗೆದುಕೊಂಡು ಬಾಲ್ಕನಿಗೆ ಒಗೆಯುತ್ತಿದ್ದರು.

ಒಂದು ದಿನ ನಾನು ಹೋದಾಗ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಆಂಟಿ, ನಿಮ್ಗೊಂದು ಮಾತು ಹೇಳ್ಲಾ? ಸರ್‌ಗೆ ಇಂಟ್ರೆಸ್ಟೇ ಇಲ್ಲ. ಕೈಗೆ ಈಗ ಕೆಲ್ಸ ಕೊಡ್ಲಿಲ್ಲ ಅಂದ್ರೆ ಆಮೇಲೆ ಕೊಟ್ಟೂ ಪ್ರಯೋಜನ ಇಲ್ಲ. ಇದೇ ಟೈಮು."

"ಚೆಂಡು ಬ್ಯಾಡಾದ್ರ ಬ್ಯಾರೆ ಏನರ ಕೊಡವಾ."

"ಕೊಡೋದೇನ್ ಬಂತು, ಅವ್ರೇ ತೋರಿಸ್ತಿದ್ದಾರಲ್ಲ." ಅವಳು ಮೂಲೆಯ ಕಡೆ ಗದ್ದ ಎತ್ತಿದಳು. "ಎಕ್ಸರ್ಸೈಸ್ ಮಾಡ್ಸೋವಾಗೆಲ್ಲ ಆ ಬೆಡ್‌ಶೀಟ್ ಕಡೆನೇ ನೋಡ್ತಾರೆ. ನಿನ್ನೆ ಶೀಟ್ ಎತ್ತಿ ನೋಡ್ದೆ. ಆ ಹ್ಯಾಂಡಲ್ ಹಿಡ್ಕೊಂಡು ಕೆಳಗೆ ಎಳ್ಯೋದು, ಬಿಡೋದು, ನಾನು ಮಾಡಿಸ್ಬೇಕು ಅಂತಿರೋ ಮೂವ್‌ಮೆಂಟೇ ಅದು. ಆದ್ರೆ ಕರೆಂಟ್ ಇಲ್ದೆ ಅದು ಅರ್ಧಕ್ಕೇ ಲಾಕ್ ಆಗುತ್ತೆ. ಸರ್ ಒಂದ್ಸಲ ಮುಟ್ಟಿದ್ರು, ಆಮೇಲೆ ಮುಖ ತಿರುಗಿಸಿಬಿಟ್ರು."

ಅಕ್ಕ ನನ್ನ ಮುಖ ನೋಡಿದಳು. ನಮ್ಮ ಮನೆತನದಲ್ಲಿ ಯಾರಿಗೆ ಏನು ಬೇಕಾದರೂ, ಗ್ಯಾಸ್ ಕನೆಕ್ಷನ್ ಇರಲಿ, ಮದುವೆಯ ಹಾಲ್ ಇರಲಿ, ಕೊನೆಗೆ ಎಲ್ಲರೂ ನನ್ನ ಮುಖ ನೋಡುತ್ತಾರೆ. "ಆತಕ್ಕಾ, ನಾ ಮಾಡ್ತೀನಿ" ಎಂದೆ. ಹಾಸಿಗೆಯಿಂದ ಮಾಮಾ ಕೂಡಲೇ "ಆತು, ಆತು" ಎಂದರು. ನಾನು ಒಪ್ಪಿದ್ದಕ್ಕೆ ಅವರೂ ಒಪ್ಪಿದರು ಎಂದುಕೊಂಡೆ.

ಚಾದರ ತೆಗೆದು ಯಂತ್ರದ ಬೆನ್ನು ನೋಡಿದೆ. ತಗಡಿನ ಮೇಲೆ ಸ್ಪಷ್ಟವಾಗಿ ನೂರಾ ಹತ್ತು. ಬೇಕಾದದ್ದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಅಂದರೆ ಇನ್ನೂರ ಮೂವತ್ತನ್ನು ನೂರಾ ಹತ್ತಕ್ಕೆ ಇಳಿಸಿ ಕೊಡುವ ಡಬ್ಬಿ. ಆಗ ಹಣೆ ಬಡಿದುಕೊಂಡೆ. ಅಂಥದೇ ಒಂದು ಡಬ್ಬಿಯನ್ನು ಲಕ್ವಾ ಹೊಡೆಯುವ ಮೊದಲು ಮಾಮಾ ತಾವೇ ಸ್ಕೂಟರ್ ಮೇಲೆ ನನ್ನ ಅಂಗಡಿಗೆ ತಂದುಕೊಟ್ಟಿದ್ದರು, ಅದರ ಜೊತೆಗೆ ಹಡಗಿನ ಕಾಲದ ಒಂದು ಟೋಸ್ಟರ್. "ಟೋಸ್ಟರ್ ಸುಟ್ಟದ, ಭಂಗಾರಕ್ಕ ಹಾಕು. ಡಬ್ಬಿದೂ ಕೆಲಸ ಆತು, ಯಾರಿಗರ ಕೊಡು" ಎಂದಿದ್ದರು. ಭಂಗಾರ ಎಂದರೆ ಇಲ್ಲಿ ಗುಜರಿ. ಟೋಸ್ಟರ್ ಹೋದ ಮೇಲೆ ಡಬ್ಬಿ ಯಾಕೆ ಎಂದುಕೊಂಡು, ಅಮೆರಿಕದಿಂದ ಮಿಕ್ಸರ್ ತಂದಿದ್ದ ಒಬ್ಬನಿಗೆ ಅದನ್ನು ಆ ವಾರವೇ ದಾಟಿಸಿದ್ದೆ. ಈಗ ಅದೇ ಸಾಮಾನು ಹುಡುಕಿಕೊಂಡು ಪೇಠೆಗೆ ಹೋಗಬೇಕಾಯಿತು.

ಸ್ಟೆಪ್‌ಡೌನ್ ಕೊಳ್ಳುವಾಗ ಒಂದು ವಿಷಯ ನೆನಪಿಡಿ. ಅಂಗಡಿಯವನು ಹೇಳುವ ವ್ಯಾಟನ್ನು ನಂಬಬೇಡಿ, ಎತ್ತಿ ನೋಡಿ. ಒಳಗೆ ತಾಮ್ರವೂ ಕಬ್ಬಿಣವೂ ಇದ್ದರೆ ಮಣಿಕಟ್ಟಿಗೆ ಗೊತ್ತಾಗುತ್ತದೆ. ಇನ್ನೊಂದು: ಯಂತ್ರ ಕೇಳುವುದಕ್ಕಿಂತ ದುಪ್ಪಟ್ಟು ತಾಕತ್ತಿನದನ್ನೇ ಕೊಳ್ಳಿ. ಚಕ್ರ ತಿರುಗಲು ಶುರುವಾಗುವ ಕ್ಷಣದಲ್ಲಿ ಅದು ಹೆಚ್ಚು ಎಳೆಯುತ್ತದೆ. ನಾನು ನಾಲ್ಕಾರು ಡಬ್ಬಿ ಎತ್ತಿ ಇಳಿಸುವುದನ್ನು ನೋಡಿ ಅಂಗಡಿಯವನು ಮರಾಠಿಯಲ್ಲಿ ಕೇಳಿದ, "ತಾಈ, ಟ್ರಾನ್ಸ್‌ಫಾರ್ಮರ್ ಒಯ್ಯುತ್ತೀರೋ ಕಲ್ಲಂಗಡಿಯೋ?"

"ಕಲ್ಲಂಗಡಿ ಸಪ್ಪೆಯಾದರೆ ದನಕ್ಕೆ ಹಾಕಬಹುದು, ಇದು ಸಪ್ಪೆಯಾದರೆ ನಿಮಗೇ ತಂದು ತಿನ್ನಿಸಬೇಕಾಗುತ್ತದೆ" ಎಂದೆ. ಅವನು ನಕ್ಕ. ನಗಿಸಿದ ಮೇಲೆ ದರ ಇಳಿಸುವುದು ಸುಲಭ. ಎಲ್ಲಕ್ಕಿಂತ ಭಾರದ್ದನ್ನು, ನಡುವಿನ ಡಬ್ಬಿಯ ದರಕ್ಕೆ ತಂದೆ. ತಂದೆನೆಂದು ಖುಷಿಯೂ ಪಟ್ಟೆ.

ಮರುದಿನ ಬೆಳಿಗ್ಗೆ ಅಕ್ಕ ಯಂತ್ರವನ್ನು ಒರೆಸಿ, ಜೇಜುರಿಯಿಂದ ತಂದ ಭಂಡಾರದ ಪೊಟ್ಟಣ ಬಿಚ್ಚಿಕೊಂಡು ನಿಂತಿದ್ದಳು. ಖಂಡೋಬಾನ ಹೆಸರಿನಲ್ಲಿ ಅರಿಶಿನ ಏರಿಸದೆ ನಮ್ಮ ಮನೆಯಲ್ಲಿ ಏನೂ ಶುರುವಾಗುವುದಿಲ್ಲ.

"ಒಂದು ಬಟ್ಟು ಹಚ್ಚು, ತೂರಬ್ಯಾಡ. ಜಾಳಿಗಿಯೊಳಗ ಹೋದ್ರ ಬೋರ್ಡ್ ಕೆಡ್ತದ" ಎಂದೆ.

"ದೇವರ ಭಂಡಾರದಿಂದ ಯಾಕ ಕೆಡ್ತದಬೇ?"

"ದೇವರು ಕೆಡಸೂದಿಲ್ಲ, ಅರಿಶಿಣ ಕೆಡಸ್ತದ."

ಅವಳು ನನ್ನನ್ನು ಬೈದುಕೊಂಡೇ ಹಿಡಿಕೆಯ ಗುಂಡಿಗೊಂದು ಬೊಟ್ಟಿಟ್ಟಳು. ಮಾಮಾನನ್ನು ಕುರ್ಚಿಗೆ ತಂದು ಕೂರಿಸಿದೆವು. ನಾನು ಡಬ್ಬಿಯನ್ನು ನೆಲಕ್ಕಿಟ್ಟು ಯಂತ್ರದ ಪ್ಲಗ್ ಅದಕ್ಕೆ ಸಿಕ್ಕಿಸುತ್ತಿದ್ದಂತೆ ಅವರು ಎಡಗೈಯಿಂದ ನನ್ನ ತೋಳು ಹಿಡಿದು ಜಗ್ಗಿದರು. "ಆತು! ಆತು!"

"ಹೌದ್ರಿ ಮಾಮಾ, ಆತು, ಇನ್ನೊಂದು ನಿಮಿಷ. ಅವಸರ ಮಾಡಬ್ಯಾಡ್ರಿ."

ಗೋಡೆಯ ಸ್ವಿಚ್ ಒತ್ತಿದೆ. ಯಂತ್ರ ಗುಂಯ್ ಎಂದಿತು. ಗಾಜಿನ ಹಿಂದಿನ ದೀಪಗಳು ಎಣ್ಣೆ ತೀರಿದ ಹಣತೆಯಂತೆ ಕೆಂಪಗೆ ಮಿಣುಕಿದವು. ಒಳಗೆಲ್ಲೋ ಟಕಟಕಟಕ ಎಂದು ಏನೋ ಬಡಿದುಕೊಂಡಿತು. ಚಕ್ರಗಳು ಒಮ್ಮೆ ನಡುಗಿ ನಿಂತುಬಿಟ್ಟವು. ಬಿಲ್ಲೆ ಹಾಕಿ ಹಿಡಿಕೆ ಎಳೆದೆ, ಅರ್ಧಕ್ಕೇ ತಡೆಯಿತು. ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಅದೇ.

ಮಾಮಾ ಎಡಗೈಯಿಂದ ಕುರ್ಚಿಯ ಕೈಯನ್ನು ಗುದ್ದಿದರು. "ಆತು, ಆತು, ಆತು!" ಮುಖ ಕೆಂಪೇರಿತ್ತು. ಆಮೇಲೆ ಧ್ವನಿ ಇಳಿಯಿತು. ಕಡೆಯ "ಆತು" ನನಗೆ ಕೇಳಿಸಲೇ ಇಲ್ಲ, ತುಟಿ ಅಲುಗಿದ್ದು ಕಂಡಿತು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನೂ ಹಿಂದೆ ಹೋದೆ. "ಕೇಳಿದ್ಯಾ? ಎಲ್ಲಾ ಮುಗೀತು ಅನ್ಲಿಕತ್ತಾರ" ಎಂದಳು. "ಅದನ್ನ ನೋಡಿಕೋತ ಇಷ್ಟು ದಿವಸ ಜೀವಾ ಹಿಡದಿದ್ರು. ಅದೂ ಹೋತು."

"ಯಂತ್ರ ಹೋದ್ರ ರಿಪೇರಿ ಮಾಡಸ್ತೀನಿ ಅಕ್ಕಾ" ಎಂದೆ. ಯಂತ್ರಕ್ಕೇನಾದರೂ ಆಗಿದ್ದರೆ ಅದನ್ನು ಮಾಡಿದವಳು ನಾನು.

ಆ ಕಟ್ಟಡದ ಎಲೆಕ್ಟ್ರಿಶಿಯನ್ ಬಂದು ಮೂಸಿ ನೋಡಿದ. ಮೂಗಿನಿಂದಲೇ ರೋಗ ಹಿಡಿಯುತ್ತೇನೆ ಎನ್ನುವ ಜಂಬ ಅವನಿಗೆ. "ತಾಈ, ಬೋರ್ಡ್ ಉಡಾಲಾ" ಎಂದ, ಅಂದರೆ ಬೋರ್ಡು ಹಾರಿಹೋಗಿದೆ. ನೂರಾ ಹತ್ತರ ಯಂತ್ರಕ್ಕೆ ನೂರಾ ಹತ್ತೇ ಕೊಟ್ಟರೂ ನಡೆಯುತ್ತಿಲ್ಲ ಎಂದರೆ ಬೇರೇನು? ಇಂಥ ಬೋರ್ಡು ಈಗ ಇಡೀ ದೇಶದಲ್ಲಿ ಸಿಗುವುದಿಲ್ಲ. ಬೇಕಾದರೆ ಭಂಗಾರಕ್ಕೆ ತಾನೇ ಒಯ್ಯುತ್ತೇನೆ ಎಂದ. ಈ ಕಡೆಯ ಮಾತು ಬಂದಾಗ ನಾನು ಕಿವಿ ನಿಮಿರಿಸಿದೆ. ಕೊಳ್ಳುವ ಆಸೆಯಿರುವವನು ಸಾಮಾನನ್ನು ಯಾವತ್ತೂ ಸತ್ತಿದೆ ಎಂದೇ ಹೇಳುತ್ತಾನೆ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಆದರೂ ಅವನು ಹೇಳಿದ್ದು ಸುಳ್ಳೆನ್ನಲು ನನ್ನಲ್ಲಿ ಆಧಾರವಿರಲಿಲ್ಲ.

ಅಂದಿನಿಂದ ಮಾಮಾ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ವ್ಯಾಯಾಮದ ಹುಡುಗಿ ಬಂದರೆ ಕಣ್ಣು ಮುಚ್ಚುತ್ತಿದ್ದರು. ಅವಳು ಫೋನ್ ಮಾಡಿ, "ಆಂಟಿ, ಬೆರಳು ಒಳಗಡೆ ಮಡಚ್ಕೊಳ್ಳೋಕೆ ಶುರು ಆಗಿದೆ. ನಾನೊಬ್ಳೇ ಬಿಡಿಸಿದ್ರೆ ಆಗಲ್ಲ, ಅವ್ರು ಮನಸ್ಸು ಮಾಡ್ಬೇಕು" ಎಂದಳು. ಅಂಗಡಿಯಲ್ಲಿ ಕೂತರೂ ನನ್ನ ಗಮನವೆಲ್ಲ ಫೋನಿನ ಮೇಲೆ. ಗಿರಾಕಿ ದರ ಕೇಳಿದರೆ ಚೌಕಾಸಿಯಿಲ್ಲದೆ ಹೇಳಿಬಿಡುತ್ತಿದ್ದೆ. ಪಕ್ಕದ ಅಂಗಡಿಯವನು "ಭಾಭೀ, ಮೈಗೆ ಹುಷಾರಿಲ್ಲವಾ?" ಎಂದು ಹಿಂದಿಯಲ್ಲಿ ವಿಚಾರಿಸಿದ.

ಅಂಥ ಒಂದು ಮಧ್ಯಾಹ್ನ ಒಬ್ಬಾತ ಲ್ಯಾಪ್‌ಟಾಪಿನ ಚಾರ್ಜರ್ ಮಾರಲು ಬಂದ. ಚಾರ್ಜರ್ ಮಾತ್ರ. ನಾನು ಅಭ್ಯಾಸದಂತೆ ಕೇಳಿದೆ, "ಲ್ಯಾಪ್‌ಟಾಪ್ ಎಲ್ಲಿ?" ಕದ್ದ ಮಾಲು ನಾನು ಮುಟ್ಟುವುದಿಲ್ಲ, ಅದಕ್ಕೇ ಈ ಪ್ರಶ್ನೆ. ಇನ್ನೊಂದು ಸಲಹೆ: ಸಾಮಾನು ಇಟ್ಟುಕೊಂಡು ಅದರ ಚಾರ್ಜರ್ ಮಾತ್ರ ಯಾರೂ ಮಾರುವುದಿಲ್ಲ, ಮಾರಿದರೆ ಕಾರಣ ಕೇಳಿ. ಆತ ಹೇಳಿದ, "ಲ್ಯಾಪ್‌ಟಾಪ್ ಇದೆ. ಅದಕ್ಕೆ ಹೊಸ ಪಿನ್ ಹಾಕಿಸಿದೆ, ಫೋನಿನ ಚಾರ್ಜರೇ ಸಾಕು, ಈಗ ಈ ಚಾರ್ಜರಿನ ಅವಶ್ಯಕತೆಯೇ ಇಲ್ಲ."

ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಅವಶ್ಯಕತೆ ಇಲ್ಲ. ಡಬ್ಬಿದೂ ಕೆಲಸ ಆತು.

ಮಾಮಾ ದಡ್ಡರಲ್ಲ. ನಿವೃತ್ತಿಯ ಮೇಲೆ ನೂರಾ ಹತ್ತರ ಯಂತ್ರವನ್ನು ನಡೆಸುತ್ತೇನೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು, ಕೈಯಲ್ಲಿದ್ದ ಒಂದೇ ಸ್ಟೆಪ್‌ಡೌನ್ ಡಬ್ಬಿಯನ್ನು ಭಂಗಾರದ ಜೊತೆ ಯಾಕೆ ತಂದುಕೊಡುತ್ತಾರೆ? ಟೋಸ್ಟರ್ ಸುಟ್ಟಿದ್ದಕ್ಕಲ್ಲ. ಯಂತ್ರಕ್ಕೆ ಆ ಡಬ್ಬಿ ಇನ್ನು ಬೇಡವಾಗಿತ್ತು, ಅದಕ್ಕೆ. ಇಂಥ ಯಂತ್ರಗಳ ಹೊಟ್ಟೆಯಲ್ಲೇ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರಲ್ಲಿ ಬೇರೆ ಬೇರೆ ವೋಲ್ಟಿಗೆ ಬೇರೆ ಬೇರೆ ಮೊಳೆಗಳಿರುತ್ತವೆ. ವೈರನ್ನು ನೂರಾ ಹತ್ತರ ಮೊಳೆಯಿಂದ ಬಿಚ್ಚಿ ಮೇಲಿನ ಮೊಳೆಗೆ ಕಟ್ಟಿದರೆ ಯಂತ್ರ ನಮ್ಮ ಗೋಡೆಯದಾಗುತ್ತದೆ. ಬೆನ್ನಿನ ತಗಡು ಮಾತ್ರ ಹಳೆಯದೇ ಉಳಿಯುತ್ತದೆ. ಅಂಥ ಯಂತ್ರಕ್ಕೆ ನಾನು ಅರ್ಧ ಕರೆಂಟು ಕೊಟ್ಟಿದ್ದೆ. ಮಿಣುಕಿ ನಡುಗದೆ ಅದು ಇನ್ನೇನು ಮಾಡೀತು?

ಅಂಗಡಿಯ ಶಟರ್ ಎಳೆದು ಸ್ವಾರಗೇಟಿಗೆ ಓಡಿದೆ.

"ಅಕ್ಕಾ, ಲಕ್ವಾ ಹೊಡಿಯೂ ಮುಂದ ಮಾಮಾ ಈ ಯಂತ್ರ ಬಿಚ್ಚಿದ್ರೇನು?"

"ನನಗೇನ್ ಗೊತ್ತು? ನಾ ಬೆಳಗಾವಿಗೆ ಮದುವಿಗೆ ಹೋಗಿದ್ದೆ. ಬಂದ ಮರುದಿವಸನ..." ಅವಳು ತಡೆದಳು. "ಬಾಲ್ಕನ್ಯಾಗ ಸ್ಕ್ರೂಡ್ರೈವರ್, ವೈರಿನ ತುಕಡಿ ಬಿದ್ದಿದ್ದುವು. ನಾ ಬಳದು ಹಾಕಿದೆ. ಯಾಕ?"

ಯಂತ್ರದ ಕೀಲಿ ಮಾಮಾನ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿತು. ಬಾಗಿಲು ತೆಗೆದು ಟಾರ್ಚ್ ಹಾಕಿದೆ. ತಳದಲ್ಲಿ ಟ್ರಾನ್ಸ್‌ಫಾರ್ಮರ್ ಕೂತಿತ್ತು, ಅದರ ಮೊಳೆಗಳ ಸಾಲಿನಲ್ಲಿ ಅಂಕಿಗಳು ಹಡಗಿನ ವರ್ಷಗಳ ಜಿಡ್ಡಿನಲ್ಲಿ ಅಳಿಸಿಹೋಗಿದ್ದವು. ಆದರೆ ಒಂದು ಮೊಳೆಗೆ ಹೊಸ ಕೆಂಪು ವೈರು, ಅದಕ್ಕೆ ಸುತ್ತಿದ ಕರಿಯ ಟೇಪು ನಮ್ಮ ಪೇಠೆಯದು. ಮಾಮಾನ ಕೈ ಅಲ್ಲಿಯವರೆಗೆ ಹೋಗಿತ್ತು, ಅದು ಖಚಿತ.

ಸಮಾಧಾನವಾಗಬೇಕಿತ್ತು, ಭಯ ಹೆಚ್ಚಾಯಿತು. ಅವರು ಕೆಲಸ ಮುಗಿಸಿದ್ದರೋ, ಅರ್ಧಕ್ಕೆ ಬಿಟ್ಟಿದ್ದರೋ? ಆ ವೈರು ಹೊಸ ಮೊಳೆಯಲ್ಲಿದೆಯೋ, ಹಳೆಯ ಮೊಳೆಗೇ ಹೊಸದಾಗಿ ಕಟ್ಟಿದ್ದೋ? ಮುಗಿಸಿದ್ದರೆ ನೇರ ಗೋಡೆಗೆ ಹಾಕಬೇಕು. ಮುಗಿಸಿರದಿದ್ದರೆ, ನೇರ ಹಾಕಿದ ಕ್ಷಣವೇ ಯಂತ್ರ ನಿಜವಾಗಿ ಸಾಯುತ್ತದೆ, ಅದೂ ಅವರ ಕಣ್ಣೆದುರು. ಎರಡನೆಯ ಸಲ ಅವರನ್ನು ಕುರ್ಚಿಗೆ ಕೂರಿಸಿ ಹೊಗೆ ತೋರಿಸಿದರೆ ಆ ಕೈ ಇನ್ನು ಯಾವುದಕ್ಕೂ ಮೇಲೇಳುವುದಿಲ್ಲ ಎಂಬುದು ನನಗೆ ಯಾರೂ ಹೇಳದೆ ಗೊತ್ತಿತ್ತು.

ಹಾಸಿಗೆಯ ಪಕ್ಕದಲ್ಲಿ ಕೂತು ಕೇಳಿದೆ. "ಮಾಮಾ, ಒಳಗ ವೈರ್ ಬದಲಿ ಮಾಡೂದು ಆತೇನ್ರಿ?"

"ಆತು."

"ಪೂರಾ ಆತೋ, ಅರ್ಧಾ ಆತೋ?"

"ಆತು."

ಅಕ್ಕ ಹಿಂದಿನಿಂದ, "ನೀ ಭಾಳ ಶಾಣ್ಯಾಕಿ. ಹಂಗ ಕೇಳಿದ್ರ ಅವರು ಮತ್ತೇನ್ ಅಂತಾರ?" ಎಂದಳು.

ಹೌದಲ್ಲ. ನಾನು ಯಾವ ವ್ಯಾಪಾರದಲ್ಲೂ ಬಾಯಿಯನ್ನು ನಂಬಿದವಳಲ್ಲ. ಗಿರಾಕಿ ಬಾಯಲ್ಲಿ ಬೇಡ ಎನ್ನುವಾಗ ಅವನ ಕೈ ಫ್ರಿಜ್‌ನ ಬಾಗಿಲಿನ ಮೇಲೇ ಇರುತ್ತದೆ, ನಾನು ಕೈ ನೋಡುತ್ತೇನೆ. ಹೋಗಿ ಸ್ಟೆಪ್‌ಡೌನ್ ಡಬ್ಬಿಯನ್ನು ತಂದು ಮಾಮಾನ ಎಡಕ್ಕೆ ಹಾಸಿಗೆಯ ಅಂಚಿನಲ್ಲಿಟ್ಟೆ. ಯಂತ್ರದ ಪ್ಲಗ್ಗನ್ನು ಉದ್ದಕ್ಕೆ ಎಳೆದು ತಂದು ಅವರ ಎಡಗೈಯಲ್ಲಿಟ್ಟೆ. ಏನೂ ಕೇಳಲಿಲ್ಲ. ಅವರು ಪ್ಲಗ್ಗನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಮೊಣಕೈಯಿಂದ ಡಬ್ಬಿಯನ್ನು ಒತ್ತಿ ನೂಕಿದರು. ಅಷ್ಟು ಭಾರದ ಡಬ್ಬಿ, ನಾನು ಆರಿಸಿ ತಂದದ್ದು, ನನ್ನ ಪಾದದ ಪಕ್ಕದಲ್ಲೇ ಧಡ್ ಎಂದು ಬಿತ್ತು. ಅವರ ಕೈ ಪ್ಲಗ್ಗನ್ನು ಹಿಡಿದು ಗೋಡೆಯ ಕಡೆ ಚಾಚಿತ್ತು.

"ಆತು" ಎಂದರು, ಬಹಳ ತಾಳ್ಮೆಯಿಂದ, ಹೊಸ ನೌಕರನಿಗೆ ಹೇಳುವಂತೆ.

ಈಗ ನಂಬಿದೆ. ಆದರೆ ನಂಬಿಕೆ ಬೇರೆ, ಪ್ಲಗ್ ಹಾಕುವುದು ಬೇರೆ. ನನ್ನ ಕಸುಬಿನಲ್ಲಿ ಗೊತ್ತಿಲ್ಲದ ಯಂತ್ರವನ್ನು ಸೀರೀಸ್ ಬಲ್ಬಿನ ಮೂಲಕ ಹಚ್ಚುತ್ತೇವೆ. ಕರೆಂಟು ಹೋಗುವ ದಾರಿಯಲ್ಲಿ ತಂತಿಯ ಒಂದು ದೊಡ್ಡ ಬಲ್ಬು ಕಟ್ಟುವುದು. ಒಳಗೆ ದೋಷವಿದ್ದರೆ ಬಲ್ಬು ಝಗ್ಗನೆ ಹತ್ತಿ ಉರಿಯುತ್ತಲೇ ಇರುತ್ತದೆ, ಪೆಟ್ಟನ್ನು ಯಂತ್ರದ ಬದಲು ತಾನು ತಿನ್ನುತ್ತದೆ. ದೋಷವಿಲ್ಲದಿದ್ದರೆ ಒಮ್ಮೆ ಮಿಂಚಿ ಮಂದವಾಗುತ್ತದೆ. ಅಂಗಡಿಯಲ್ಲಿದ್ದ ನನ್ನ ಬಲ್ಬು ಯಾವಾಗಲೋ ಹೋಗಿತ್ತು. ಈಗೆಲ್ಲ ಎಲ್‌ಇಡಿ ಕಾಲ, ಎಲ್‌ಇಡಿ ಈ ಕೆಲಸಕ್ಕೆ ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ನನ್ನನ್ನು ಲಾಟೀನು ಕೇಳಿದವಳಂತೆ ನೋಡಿದರು. ಕಡೆಗೆ ಕೋಳಿಮರಿಗಳಿಗೆ ಶಾಖ ಕೊಡುವವರಿಗೆಂದು ಒಬ್ಬ ಮುದುಕ ಇಟ್ಟಿದ್ದ. ಅವನು ಹೇಳಿದ ದರಕ್ಕೇ ಕೊಂಡೆ. ಚೌಕಾಸಿ ಮಾಡುವಷ್ಟು ಸ್ಥಿಮಿತ ಇರಲಿಲ್ಲ.

ಮರುದಿನ ವ್ಯಾಯಾಮದ ಹುಡುಗಿಯೂ ಬಂದಿದ್ದಳು. ಮಾಮಾ ಕುರ್ಚಿಯಲ್ಲಿ. ಅಕ್ಕ ಈ ಸಲ ಭಂಡಾರದ ಪೊಟ್ಟಣವನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತಿದ್ದಳು. ನಾನು ಬಲ್ಬನ್ನು ಸಾಲಿಗೆ ಕಟ್ಟಿ, ಒಂದು ಸಲ, ಎರಡು ಸಲ ವೈರುಗಳನ್ನು ಎಳೆದು ನೋಡಿದೆ. ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಗಾಡಿಯವನು ಕೂಗುತ್ತಿದ್ದ. ಸ್ವಿಚ್ಚಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ವೈರುಗಳ ಕಡೆ ನೋಡಿದೆ.

"ಹಚ್ಚಬೇ, ಕಾಯಸಬ್ಯಾಡ" ಎಂದಳು ಅಕ್ಕ.

ಒತ್ತಿದೆ. ಬಲ್ಬು ಝಗ್ಗನೆ ಹತ್ತಿತು.

ಆ ಬೆಳಕಿನಲ್ಲಿ ಅಕ್ಕನ ಮುಖ, ಚಾದರದ ನವಿಲು, ಎಲ್ಲ ಬಿಳಿಚಿ ಕಂಡವು. ಇದು ಇಳಿಯಬೇಕು. ಇಳಿಯದಿದ್ದರೆ ಯಂತ್ರ ಇನ್ನೂ ನೂರಾ ಹತ್ತರದೇ. ಬಲ್ಬಿನ ತಂತಿ ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯಿತು. ಒಲೆಯ ಕೆಂಡದಷ್ಟಾಗಿ ಅಲ್ಲಿಗೇ ನಿಂತಿತು.

"ಮಾಮಾ, ಮುಗಿಸೀರಿ!" ಎಂದು ನಾನು ಕೂಗಿಬಿಟ್ಟೆ.

ಅವರು ನನ್ನ ಕಡೆ ನೋಡಲೇ ಇಲ್ಲ. ಬಲ್ಬು ತೆಗೆದು ನೇರ ಗೋಡೆಗೆ ಪ್ಲಗ್ ಹಾಕಿದೆ. ಈ ಸಲ ಗುಂಯ್ ಎನ್ನುವುದು ತುಂಬಿದ ದನಿಯಲ್ಲಿ ಬಂತು. ಗಾಜಿನ ಹಿಂದೆ ದೀಪಗಳು ಪೂರ್ತಿ ಹತ್ತಿಕೊಂಡವು, ಕೆಂಪು ಹಣ್ಣು, ಹಳದಿ ಗಂಟೆ. ಚೀಲದಿಂದ ಒಂದು ಹಿತ್ತಾಳೆಯ ಬಿಲ್ಲೆ ತೆಗೆದು ಹಾಕಿದೆ. ಒಳಗೆ ಏನೋ ಖಟ್ ಎಂದು ಬಿಚ್ಚಿಕೊಂಡಿತು. ಹಿಡಿಕೆಯ ಬೀಗ.

ಅಕ್ಕ ಮಾಮಾನ ಬಲಗೈಯನ್ನು ಎತ್ತಿ ಕರಿಯ ಗುಂಡಿನ ಮೇಲಿಟ್ಟಳು. ಅದು ಜಾರಿತು. ಮತ್ತೆ ಇಟ್ಟಳು. ಹುಡುಗಿ ಅಕ್ಕನನ್ನು ತಡೆದು, "ಬಿಡಿ ಆಂಟಿ, ಅವ್ರೇ ಹಿಡ್ಕೊಳ್ಳಲಿ" ಎಂದು ಮೊಣಕೈಗೆ ಮಾತ್ರ ಆಸರೆ ಕೊಟ್ಟಳು. ಬೆರಳುಗಳು ಗುಂಡನ್ನು ಸುತ್ತಿಕೊಂಡವು ಎನ್ನಲಾರೆ, ಒರಗಿಕೊಂಡವು. ಭುಜ ಮುಂದೆ ಬಂತು. ಹಿಡಿಕೆ ಇಷ್ಟು ಇಳಿಯಿತು, ನಿಂತಿತು. ಅವರ ಕತ್ತಿನ ನರ ಉಬ್ಬಿತು. ಮತ್ತಿಷ್ಟು ಇಳಿಯಿತು. ಚಕ್ರಗಳು ಗರ್ರೆಂದವು.

ಹಣ್ಣು, ಗಂಟೆ, ಖಾಲಿ. ಏನೂ ಬೀಳಲಿಲ್ಲ.

"ಸೋತ್ರಿ" ಎಂದಳು ಅಕ್ಕ, ಅಳುತ್ತ, ನಗುತ್ತ. "ನಾ ಮೊದಲ ಹೇಳಿದ್ದೆ, ಜೂಜಿನ ಪೆಟ್ಟಿಗಿ ಮನ್ಯಾಗ ಬ್ಯಾಡ ಅಂತ."

ಮಾಮಾ ಎಡಗೈಯಿಂದ ಬಿಲ್ಲೆಯ ಚೀಲದ ಕಡೆ ತೋರಿಸಿದರು.

ಕೈ ಪೂರ್ತಿ ಬಂದಿದೆ ಎಂದು ನಾನು ಬರೆಯಲಾರೆ. ಲೋಟ ಹಿಡಿಯುತ್ತಾರೆ, ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಮಾತು ಈಗಲೂ ಆ ಒಂದೇ. ಯಂತ್ರದ ಚಿಂತೆಯೂ ಪೂರ್ತಿ ಹೋಗಿಲ್ಲ. ಹಡಗಿನ ಕರೆಂಟು ಸೆಕೆಂಡಿಗೆ ಅರವತ್ತು ಸಲ ಹೊರಳಾಡುತ್ತಿತ್ತು, ನಮ್ಮದು ಐವತ್ತೇ ಸಲ. ಮೊಳೆ ಬದಲಿಸಿದರೂ ಅದೊಂದನ್ನು ಬದಲಿಸಲಾಗುವುದಿಲ್ಲ, ಹಾಗಾಗಿ ಒಳಗಿನ ಟ್ರಾನ್ಸ್‌ಫಾರ್ಮರ್ ಅಲ್ಲಿಗಿಂತ ಇಲ್ಲಿ ತುಸು ಹೆಚ್ಚು ಕಾಯುತ್ತದೆ. ಆಡಿದಷ್ಟೇ ಹೊತ್ತು ಆರಿಸಿಡಬೇಕು ಎಂದು ಅಕ್ಕನಿಗೆ ಹೇಳಿದ್ದೇನೆ. ಆರಿಸಲು ಹೋದರೆ ಮಾಮಾ ಜಗಳಕ್ಕೆ ಬರುತ್ತಾರಂತೆ. ಬೆನ್ನಿನ ತಗಡಿನ ಪಕ್ಕದಲ್ಲಿ ನಾನೇ ದೊಡ್ಡ ಅಕ್ಷರದಲ್ಲಿ ಇನ್ನೂರ ಮೂವತ್ತು ಎಂದು ಬರೆದು ಅಂಟಿಸಿದ್ದೇನೆ. ನೀವೂ ಯಂತ್ರದ ಹೊಟ್ಟೆಯೊಳಗೆ ಏನಾದರೂ ಬದಲಿಸಿದರೆ ಮೊದಲು ಬೆನ್ನಿನ ಮೇಲೆ ಬರೆಯಿರಿ. ನಾಳೆ ಹೇಳಿದರಾಯಿತು ಎಂದು ಬಿಡಬೇಡಿ.

ಈಗಲೂ ಸ್ವಾರಗೇಟಿಗೆ ಹೋದಾಗ ಚಪ್ಪಲಿ ಬಿಟ್ಟವಳೇ ಮೊದಲು ಯಂತ್ರದ ಬೆನ್ನು ಮುಟ್ಟಿ ನೋಡುತ್ತೇನೆ, ಸುಡುವಷ್ಟು ಕಾದಿಲ್ಲ ತಾನೇ ಎಂದು. ಆಮೇಲೆ ಮಾಮಾನ ಬಲಗೈ. ಎರಡೂ ಬೆಚ್ಚಗಿದ್ದರೆ ಚಹಾಕ್ಕೆ ಕೂರುತ್ತೇನೆ.